ಹಾಡನ್ನು ಚಿತ್ರಿಸುವ ಮುನ್ನ

ನಾವು ವಿದ್ಯಾರ್ಥಿಗಳಾಗಿದ್ದ ಕಾಲದಲ್ಲಿ ಲೇಖನಿ ಎಷ್ಟು ಸುಲಭವಾಗಿ ಕೈಗೆ ಸಿಗುತ್ತಿತ್ತೋ ಇಂದು ಕ್ಯಾಮೆರಾ ಅಷ್ಟೇ ಸುಲಭವಾಗಿ ವಿದ್ಯಾರ್ಥಿಯ ಕೈಗೆ ಬಂದಿದೆ. ಅಂಗಿಯ ಜೇಬಿನಲ್ಲಿ ಅಡಗುವ ಒಂದು ಮೊಬೈಲ್ ಫೋನು ಚಿತ್ರೀಕರಣಕ್ಕೂ ಧ್ವನಿಮುದ್ರಣಕ್ಕೂ ಸಂಕಲನಕ್ಕೂ ಸಾಕಾಗುತ್ತದೆ. ಸಂಜೆಯ ಹೊತ್ತು ವಿದ್ಯಾನಗರದ ಬೀದಿಗಳಲ್ಲಿ ನಡೆದುಹೋಗುವವರು, ಮರದ ಕೆಳಗೆ ನಾಲ್ಕಾರು ಹುಡುಗ ಹುಡುಗಿಯರು ಗುಂಪುಗೂಡಿ, ಹಾಡಿನ ಒಂದೇ ಸಾಲನ್ನು ಹತ್ತು ಬಾರಿ ಹಾಕಿಕೊಂಡು, ಹತ್ತು ಬಾರಿಯೂ ಅದಕ್ಕೆ ತುಟಿಯಾಡಿಸಿ ಚಿತ್ರ ತೆಗೆಯುವುದನ್ನು ಕಾಣದೆ ಇರಲಾರರು. ಇವರಲ್ಲಿ ಹಲವರು ಪದವಿ ತರಗತಿಗಳಲ್ಲಿ ಪತ್ರಿಕೋದ್ಯಮವನ್ನೂ ಸಮೂಹ ಮಾಧ್ಯಮವನ್ನೂ ಅಭ್ಯಾಸ ಮಾಡುವವರು. ಹಾಡೊಂದನ್ನು ಆರಿಸಿಕೊಂಡು ಅದಕ್ಕೆ ಮೂರು ನಾಲ್ಕು ನಿಮಿಷಗಳ ಚಿತ್ರವನ್ನು ಹೊಂದಿಸಿ ತರುವುದು ಅವರಿಗೆ ಕೊಡುವ ಪ್ರಾಯೋಗಿಕ ಕೆಲಸಗಳಲ್ಲೊಂದು. ಪ್ರೌಢಶಾಲೆಯ ಮಕ್ಕಳೂ ವಾರ್ಷಿಕೋತ್ಸವಕ್ಕೆಂದು ಇದನ್ನು ಮಾಡತೊಡಗಿದ್ದಾರೆ. ಅವರೆಲ್ಲ 'ಮ್ಯೂಸಿಕ್ ವಿಡಿಯೋ' ಎಂದು ಕರೆಯುವ ಇದನ್ನು ಈ ಲೇಖನದ ಮಟ್ಟಿಗೆ 'ದೃಶ್ಯಗೀತೆ' ಎಂದು ಕರೆಯೋಣ.

ಈ ಉತ್ಸಾಹವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಹೊಸ ಸಾಧನವೊಂದು ಬಂದಾಗಲೆಲ್ಲ ಹಿರಿಯರು ಹುಬ್ಬು ಗಂಟಿಕ್ಕುವುದು ಹಳೆಯ ರೂಢಿ. ನಾಟಕ ಕಂಪನಿಗಳು ಬಂದಾಗಲೂ, ಟಾಕಿ ಬಂದಾಗಲೂ, ದೂರದರ್ಶನ ಬಂದಾಗಲೂ ಹಾಗೆಯೇ ಆಯಿತು. ನಾನು ಕೇಳಬಯಸುವ ಪ್ರಶ್ನೆ ಬೇರೆ. ಕ್ಯಾಮೆರಾವನ್ನು ಕೈಗೆತ್ತಿಕೊಳ್ಳುವ ಮುನ್ನ ನಮ್ಮ ವಿದ್ಯಾರ್ಥಿಗಳು ಏನನ್ನು ಓದಿದ್ದಾರೆ, ಏನನ್ನು ಕೇಳಿದ್ದಾರೆ, ಯಾರನ್ನು ಕಂಡು ಮಾತನಾಡಿ ಬಂದಿದ್ದಾರೆ? ಈ ಪ್ರಶ್ನೆ ನನ್ನಲ್ಲಿ ಹುಟ್ಟಿದುದು ಅನ್ಯರ ತಪ್ಪಿನಿಂದಲ್ಲ, ನನ್ನದೇ ತಪ್ಪಿನಿಂದ. ಆದಕಾರಣ ಮೊದಲು ಅದನ್ನು ಒಪ್ಪಿಕೊಂಡು ಮುಂದುವರಿಯುವುದು ಉಚಿತ.

ಕೆಲವು ವರ್ಷಗಳ ಹಿಂದೆ ಒಂದು ವಿದ್ಯಾಸಂಸ್ಥೆಯವರು ವಚನಗಳ ದೃಶ್ಯಗೀತೆಗಳ ಸ್ಪರ್ಧೆಯನ್ನು ಏರ್ಪಡಿಸಿ, ನಿವೃತ್ತ ಅಧ್ಯಾಪಕನೆಂಬ ಗೌರವದಿಂದ ನನ್ನನ್ನು ತೀರ್ಪುಗಾರರಲ್ಲಿ ಒಬ್ಬನನ್ನಾಗಿ ಕರೆದಿದ್ದರು. ಕಾಯಕದ ಹಿರಿಮೆಯನ್ನು ಹೇಳುವ ಸುಪ್ರಸಿದ್ಧ ವಚನವೊಂದನ್ನು ಆರಿಸಿಕೊಂಡಿದ್ದ ತಂಡದ ಚಿತ್ರ ನೋಡಲು ಬಹಳ ಸೊಗಸಾಗಿತ್ತು. ಹಿಮಾಚ್ಛಾದಿತ ಕೈಲಾಸ ಪರ್ವತ, ಮೋಡಗಳ ಮೇಲಿಂದ ಡ್ರೋನ್ ತೆಗೆದ ನೋಟ, ಕಾವಿಯುಟ್ಟು ಕಣ್ಮುಚ್ಚಿ ಕುಳಿತ ತಪಸ್ವಿ, ಕೊನೆಯಲ್ಲಿ ಬಸವಣ್ಣನವರ ಭಾವಚಿತ್ರ. ಹಿಮದ ಚಿತ್ರಗಳೆಲ್ಲ ಅಂತರ್ಜಾಲದಿಂದ ಇಳಿಸಿಕೊಂಡವು ಎಂಬುದು ತಿಳಿಯುತ್ತಿದ್ದರೂ ಸಂಕಲನದ ಚುರುಕು ನನ್ನನ್ನು ಮೆಚ್ಚಿಸಿತು. ನಾನು ಅದಕ್ಕೆ ಪ್ರಥಮ ಬಹುಮಾನವನ್ನು ಸೂಚಿಸಿದೆ, ಸಹತೀರ್ಪುಗಾರರೂ ಒಪ್ಪಿದರು. ಸಮಾರಂಭ ಮುಗಿದು ಊಟಕ್ಕೆ ಕುಳಿತಾಗ, ಬಡಿಸುತ್ತಿದ್ದ ಅಡುಗೆಯ ಅಜ್ಜಿಯೊಬ್ಬರು ಸಾರಿನ ಸೌಟು ಹಿಡಿದಂತೆಯೇ ನನ್ನನ್ನು ಕೇಳಿದರು: "ಅಲ್ರೀ ಸರ್, ಅಕ್ಕಿ ಆಯೋನಿಗೆ ಹಿಮದ ಗುಡ್ಡದಾಗೆ ಏನ್ರೀ ಕೆಲ್ಸ?"

ನಾನು ನಿರುತ್ತರನಾದೆ. ಆ ವಚನ ಬಸವಣ್ಣನವರದಲ್ಲ, ಆಯ್ದಕ್ಕಿ ಮಾರಯ್ಯನದು. ಅದರ ಕೊನೆಯಲ್ಲಿರುವ ಅಮರೇಶ್ವರಲಿಂಗವೆಂಬ ಅಂಕಿತವೇ ಅದನ್ನು ಸಾರುತ್ತದೆ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದವನೆಂದು ಪರಂಪರೆ ಅವನನ್ನು ನೆನೆಯುತ್ತದೆ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅಗತ್ಯಕ್ಕೆ ಮೀರಿದುದನ್ನು ಹಿಂದಕ್ಕೆ ಸುರಿದು ಬಾರೆಂದು ತಿದ್ದಿದವಳು ಮಡದಿ ಲಕ್ಕಮ್ಮ. ಕಾಯಕದಲ್ಲಿ ತೊಡಗಿದವನು ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆತರೂ ಸಲ್ಲುತ್ತದೆ, ಏಕೆಂದರೆ ಕಾಯಕದಿಂದ ಬೇರೆಯಾದ ಕೈಲಾಸವೆಂಬುದೊಂದು ಇಲ್ಲ ಎಂಬುದು ಆ ವಚನದ ತಾತ್ಪರ್ಯ. ಯಾವ ಕೈಲಾಸವನ್ನು ಮಾರಯ್ಯ ಬೆಟ್ಟದಿಂದ ಇಳಿಸಿ ಅಂಗಳದ ಅಕ್ಕಿಕಾಳಿನಲ್ಲಿ ಕಂಡನೋ ಅದನ್ನೇ ನಮ್ಮ ಹುಡುಗರು ಮರಳಿ ಬೆಟ್ಟಕ್ಕೇರಿಸಿದ್ದರು. ದುಡಿಯುವ ಕೈ ಒಂದೂ ಕಾಣದ, ಕಣ್ಮುಚ್ಚಿದ ತಪಸ್ವಿಯೇ ತುಂಬಿದ ಚಿತ್ರದಿಂದ ಅವರು ವಚನದ ಅರ್ಥವನ್ನು ತಲೆಕೆಳಗು ಮಾಡಿದ್ದರು. ವಚನಗಳನ್ನು ದಶಕಗಳ ಕಾಲ ಪಾಠ ಮಾಡಿದ ನಾನು ಅದಕ್ಕೆ ಬಹುಮಾನ ಕೊಟ್ಟಿದ್ದೆ! ಚಿತ್ರದ ಸೊಗಸು ಕಣ್ಣಿಗೆ ಕವಿದಾಗ ಓದಿದವನೂ ಓದನ್ನು ಮರೆಯುತ್ತಾನೆಂಬುದಕ್ಕೆ ನಾನೇ ನಿದರ್ಶನ.

ಇನ್ನೊಂದು ಮಾತು ಆ ರಾತ್ರಿ ನನ್ನನ್ನು ಕಾಡಿತು. ಆ ಹುಡುಗರು ಹಿಮಾಲಯದವರೆಗೆ ಹೋಗಬೇಕಾಗಿಯೇ ಇರಲಿಲ್ಲ. ದಾವಣಗೆರೆ ಮಂಡಕ್ಕಿಯ ಊರು. ಮಂಡಕ್ಕಿ ಭಟ್ಟಿಗಳ ಬಡಾವಣೆ ಈ ನಗರದಲ್ಲಿಯೇ ಇದೆ. ಅಲ್ಲಿ ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪು ಬೆರೆಸಿ, ಕಾದ ಮರಳಿನಲ್ಲಿ ಅರಳಿಸುವ ಕೆಲಸದಲ್ಲಿ ತಲೆಮಾರುಗಳಿಂದ ಜನ ಬೆವರು ಸುರಿಸುತ್ತ ಬಂದಿದ್ದಾರೆ. ಹೊಗೆ, ಬೂದಿ, ಬೆಂಕಿಯ ಝಳದ ನಡುವೆ ಅಕ್ಕಿ ಕ್ಷಣಮಾತ್ರದಲ್ಲಿ ಹೂವಾಗುವ ಆ ನೋಟಕ್ಕಿಂತ ಕಾಯಕದ ವಚನಕ್ಕೆ ಹೊಂದುವ ಚಿತ್ರ ಯಾವುದಿದೆ? ಅಕ್ಕಿಯ ಕಾಯಕದ ವಚನ, ಅಕ್ಕಿಯ ಕಾಯಕದ ಊರು. ಇವೆರಡನ್ನೂ ಜೋಡಿಸುವ ಎಳೆ ಕ್ಯಾಮೆರಾದಲ್ಲಿ ಇರಲಿಲ್ಲ, ಓದಿನಲ್ಲಿ ಇತ್ತು. ಓದಲಿಲ್ಲವಾದುದರಿಂದ ಕಣ್ಣೆದುರಿನ ಭಟ್ಟಿ ಕಾಣದೆ ಹೋಯಿತು.

ನನ್ನ ವಾದವಿಷ್ಟು: ದೃಶ್ಯಗೀತೆಯ ಮಟ್ಟಿಗೆ ವ್ಯಾಪಕ ವ್ಯಾಸಂಗ ಮತ್ತು ಸಂಶೋಧನೆಗಳು ಕೆಲಸ ಮುಗಿದ ಮೇಲೆ ವರದಿಯ ಹಿಂದೆ ಅಂಟಿಸುವ ಅಲಂಕಾರವಲ್ಲ, ಅವು ಕೆಲಸದ ಮೊದಲ ಅರ್ಧ. ಬರೆಹದಲ್ಲಿ ಅಜ್ಞಾನವನ್ನು ಅಡಗಿಸಬಹುದು, ತಿಳಿಯದ ವಿಷಯವನ್ನು ಬಿಟ್ಟು ಮುಂದೆ ಸಾಗಬಹುದು. ಚಿತ್ರದಲ್ಲಿ ಹಾಗಾಗದು. ಹಾಡಿನ ಪ್ರತಿಯೊಂದು ಕ್ಷಣಕ್ಕೂ ಪರದೆಯ ಮೇಲೆ ಏನಾದರೊಂದು ಇರಲೇಬೇಕು. ತಿಳಿವು ಇಲ್ಲದ ಕಡೆ ಕ್ಯಾಲೆಂಡರಿನ ಚಿತ್ರ ಬಂದು ಕೂರುತ್ತದೆ.

ಹಾಡಿಗೂ ಚಿತ್ರಕ್ಕೂ ಇರಬಹುದಾದ ಸಂಬಂಧವನ್ನು ಕುರಿತು ಪಾಶ್ಚಾತ್ಯ ವಿದ್ವಾಂಸರು ಆಲೋಚಿಸಿದ್ದಾರೆ. ಆಂಡ್ರ್ಯೂ ಗುಡ್‌ವಿನ್ ೧೯೯೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಸಂಬಂಧವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಹಾಡು ಹೇಳಿದುದನ್ನೇ ಚಿತ್ರ ತೋರಿಸುವುದು ಒಂದು. ಹಾಡು ಹೇಳಿದುದಕ್ಕೆ ಚಿತ್ರ ಹೊಸ ಅರ್ಥವನ್ನು ಸೇರಿಸಿ ಹಿಗ್ಗಿಸುವುದು ಎರಡು. ಹಾಡಿಗೂ ಚಿತ್ರಕ್ಕೂ ನಂಟೇ ಇಲ್ಲದಿರುವುದು ಅಥವಾ ಚಿತ್ರ ಹಾಡಿಗೆ ವಿರುದ್ಧವಾಗಿ ನಿಲ್ಲುವುದು ಮೂರು. ಮೂರಕ್ಕೂ ಕಲೆಯಲ್ಲಿ ಸ್ಥಾನವಿದೆ, ಬಲ್ಲವನು ಬೇಕೆಂದೇ ವಿರೋಧವನ್ನು ತರಬಹುದು. ಆದರೆ ಹಾಡಿನ ಅರ್ಥವನ್ನು ಅರಿಯದವನು ತಾನು ಮೊದಲನೆಯ ಬಗೆಯದನ್ನು ಮಾಡುತ್ತಿದ್ದೇನೆಂದು ನಂಬಿ ಮೂರನೆಯದನ್ನು ಮಾಡಿರುತ್ತಾನೆ. 'ಕೈಲಾಸ' ಎಂಬ ಪದ ಕೇಳಿದೊಡನೆ ಬೆಟ್ಟವನ್ನು ತೋರಿಸಿದವನಿಗೆ ಆದುದು ಅದೇ. ಶಿಶುನಾಳ ಷರೀಫರ ತತ್ತ್ವಪದಗಳಲ್ಲಿ ಚಿಕ್ಕದು ದೊಡ್ಡದನ್ನು ನುಂಗುವ ಒಗಟುಗಳು ಬರುತ್ತವೆ. ಪದಕ್ಕೊಂದು ಪ್ರಾಣಿಯನ್ನು ಪರದೆಗೆ ತಂದರೆ ಮಕ್ಕಳು ನಕ್ಕಾರು, ತತ್ತ್ವ ಮಾತ್ರ ಉಳಿಯದು.

ಹಾಗಾದರೆ ಏನನ್ನು ಓದಬೇಕು? ನನ್ನ ಅಲ್ಪ ಅನುಭವದಲ್ಲಿ ಈ ವ್ಯಾಸಂಗಕ್ಕೆ ನಾಲ್ಕು ಮುಖಗಳಿವೆ: ಪದ, ದನಿ, ನೆಲ, ಪರಂಪರೆ.

ಮೊದಲನೆಯದು ಪದದ ವ್ಯಾಸಂಗ. ಹಾಡಿನ ಪಾಠ ಯಾವುದು, ಯಾರದು, ಯಾವ ಅರ್ಥದ್ದು ಎಂಬುದನ್ನು ಗ್ರಂಥದಲ್ಲಿ ನೋಡಿ ಖಚಿತಪಡಿಸಿಕೊಳ್ಳುವುದು. ವಚನಗಳ ವಿಷಯದಲ್ಲಿ ಇದಕ್ಕೆ ಕ್ಷಮೆಯಿಲ್ಲ, ಏಕೆಂದರೆ ಹಿರಿಯರು ನಮಗಾಗಿ ಆ ಶ್ರಮವನ್ನು ಪೂರೈಸಿ ಹೋಗಿದ್ದಾರೆ. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆಗಳ ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ತಾಡವೋಲೆಗಳನ್ನು ಅರಸಿ ಅಲೆದು, ೧೯೨೩ರಲ್ಲಿ 'ವಚನಶಾಸ್ತ್ರ ಸಾರ'ದ ಮೊದಲ ಭಾಗವನ್ನು ಹೊರತಂದರು. ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು, ಅದಕ್ಕಾಗಿ ಇದ್ದ ಮನೆಯನ್ನೇ ಮಾರಿದರು, ೧೯೨೬ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಅಂದಿನಿಂದ ಅನೇಕ ವಿದ್ವಾಂಸರು ಮುಂದುವರಿಸಿದ ಆ ಕಾರ್ಯ ೧೯೯೩ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರ್ಕಾರವು ಪ್ರಕಟಿಸಿದ ೧೫ ಸಮಗ್ರ ವಚನ ಸಂಪುಟಗಳಲ್ಲಿ ಒಂದು ಘಟ್ಟವನ್ನು ಮುಟ್ಟಿತು. ವಚನಗಳ ಪಾರಿಭಾಷಿಕ ಪದಗಳಿಗೆ ಕೋಶವೂ ಇದೆ. ಗ್ರಂಥಾಲಯದಲ್ಲಿ ಕುಳಿತು ಅಂಕಿತವನ್ನು ನೋಡಿ ವಚನಕಾರನನ್ನು ಗುರುತಿಸಲು ಅರ್ಧ ಗಂಟೆ ಸಾಕು. ಒಬ್ಬನು ಮನೆ ಮಾರಿ ಉಳಿಸಿಕೊಟ್ಟುದನ್ನು ನೋಡಲು ನಾವು ಅರ್ಧ ಗಂಟೆಯನ್ನೂ ಕೊಡಲಾರದೆ ಹೋದರೆ ಅದಕ್ಕೆ ಏನೆನ್ನಬೇಕು?

ವಚನಕಾರರ ಭಾವಚಿತ್ರಗಳ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಇಂದು ಪ್ರಚಾರದಲ್ಲಿರುವ ಬಸವಣ್ಣ, ಅಲ್ಲಮ, ಅಕ್ಕಮಹಾದೇವಿಯರ ಚಿತ್ರಗಳೆಲ್ಲ ಬಹಳ ನಂತರದ ಕಲಾವಿದರ ಕಲ್ಪನೆಗಳು. ಕಲ್ಪನೆ ತಪ್ಪಲ್ಲ, ಆದರೆ ಅದು ಕಲ್ಪನೆಯೆಂಬ ಅರಿವು ಇರಬೇಕು. ವಿಶೇಷವಾಗಿ ಅಕ್ಕನನ್ನು ಚಿತ್ರಿಸುವಾಗ ಆತಂಕವಾಗುತ್ತದೆ. ದೇಹದ ಮೇಲಿನ ಲೋಕದ ಕಣ್ಣನ್ನೇ ಪ್ರಶ್ನಿಸಿ ಹೊರಟ ಆ ಮಹಾತ್ಮಳು ಎಷ್ಟೋ ದೃಶ್ಯಗೀತೆಗಳಲ್ಲಿ ಜಲಪಾತದ ಕೆಳಗೆ ನೀಳಕೇಶವನ್ನು ಹರಡಿ ನಿಂತ ರೂಪದರ್ಶಿಯಾಗಿ ಕಾಣಿಸುತ್ತಾಳೆ. ಲಾರಾ ಮಲ್ವೀ ಎಂಬ ಆಂಗ್ಲ ವಿದುಷಿ ೧೯೭೫ರಲ್ಲಿ ಬರೆದ ಪ್ರಸಿದ್ಧ ಪ್ರಬಂಧವೊಂದರಲ್ಲಿ, ಚಲನಚಿತ್ರದ ಕ್ಯಾಮೆರಾ ಬಹುಮಟ್ಟಿಗೆ ಗಂಡಿನ ಕಣ್ಣಾಗಿ ನಿಂತು ಹೆಣ್ಣನ್ನು ನೋಡುವ ವಸ್ತುವನ್ನಾಗಿ ಮಾಡುತ್ತದೆಯೆಂದು ವಾದಿಸಿದಳು. ಮಾಧ್ಯಮ ವಿದ್ಯಾರ್ಥಿಗಳಿಗೆ ಇದನ್ನು ಪರೀಕ್ಷೆಗಾಗಿ ಓದಿಸಲಾಗುತ್ತದೆ. ಅದೇ ವಿದ್ಯಾರ್ಥಿ ಆ ಪ್ರಬಂಧದ ಪಕ್ಕದಲ್ಲಿ ಅಕ್ಕನ ವಚನಗಳನ್ನು ಇಟ್ಟುಕೊಂಡು ಓದಿದರೆ, ಲಂಡನ್ನಿನ ಲೇಖಕಿ ಎತ್ತಿದ ಪ್ರಶ್ನೆಯನ್ನು ನಮ್ಮ ಉಡುತಡಿಯ ಹೆಣ್ಣುಮಗಳು ಎಂಟು ಶತಮಾನಗಳ ಹಿಂದೆ ತನ್ನ ಬದುಕಿನಿಂದಲೇ ಎತ್ತಿದ್ದಳೆಂಬುದು ಹೊಳೆಯುತ್ತದೆ. ಹೀಗೆ ಹೊಳೆದ ಮೇಲೆ ಅವನ ಕ್ಯಾಮೆರಾ ಜಲಪಾತದ ಕಡೆ ತಿರುಗಲಾರದು.

ಎರಡನೆಯದು ದನಿಯ ವ್ಯಾಸಂಗ. ದೃಶ್ಯಗೀತೆಯನ್ನು ಮಾಡುವವನು ಮೊದಲು ಕೇಳುಗನಾಗಬೇಕು. ವಚನಗಳು ಛಂದಸ್ಸಿನ ಕಟ್ಟಿಗೆ ಒಳಗಾದ ಪದ್ಯಗಳಲ್ಲ. ಅವನ್ನು ರಾಗಕ್ಕೆ ಒಗ್ಗಿಸಿ ಹಾಡಿದ ಗಾಯಕರು ಪ್ರತಿಯೊಂದು ವಚನದಲ್ಲಿಯೂ ಎಲ್ಲಿ ನಿಲ್ಲಬೇಕು, ಯಾವ ಪದವನ್ನು ಎತ್ತಬೇಕು ಎಂಬುದನ್ನು ತಾವೇ ನಿರ್ಣಯಿಸಿದರು. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮೊದಲಾದವರು ವಚನಗಾಯನಕ್ಕೆ ಹಿಂದೂಸ್ತಾನಿ ಸಂಗೀತದ ಘನತೆಯನ್ನು ತಂದರು. ೧೯೫೦ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ಉತ್ತರ ಕರ್ನಾಟಕದ ಇಂಥ ಗಾಯಕರ ದನಿಯನ್ನು ಮನೆಮನೆಗೆ ಮುಟ್ಟಿಸಿತು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಬಾಲಕರಿಗೆ ಸಂಗೀತವನ್ನು ಕಲಿಸಿ ನಾಡಿಗೆ ಗಾಯಕರನ್ನು ಕೊಟ್ಟರು. ಕಣ್ಣಿಲ್ಲದವರು ಹಾಡಿದುದನ್ನು ಕೇಳಿ ನಮ್ಮ ಒಳಗಣ್ಣು ತೆರೆಯಿತು. ಹಾಡನ್ನು ಕಣ್ಣಿಗೆ ಕಟ್ಟಿಸಲು ಹೊರಟವರು ಇದನ್ನು ಮರೆಯಬಾರದು.

ಒಂದೇ ವಚನವನ್ನು ಇಬ್ಬರು ಗಾಯಕರ ದನಿಯಲ್ಲಿ ಕೇಳಿ, ಎಲ್ಲಿ ಒಬ್ಬರು ನಿಂತರು, ಎಲ್ಲಿ ಇನ್ನೊಬ್ಬರು ಓಡಿದರು ಎಂಬುದನ್ನು ಕಾಗದದ ಮೇಲೆ ಗುರುತು ಮಾಡಿಕೊಳ್ಳುವುದು ಒಳ್ಳೆಯ ಅಭ್ಯಾಸ. ಸಂಕಲನದ ಕತ್ತರಿ ಆ ಗುರುತುಗಳನ್ನು ಅನುಸರಿಸಲಿ. ಇಂದು ನಾನು ನೋಡುವ ಹೆಚ್ಚಿನ ದೃಶ್ಯಗೀತೆಗಳಲ್ಲಿ ಗಾಯಕ ವಿಲಂಬದಲ್ಲಿ ಒಂದು ಸ್ವರವನ್ನು ಹಿಡಿದು ನಿಂತಿರುವಾಗ ಪರದೆಯ ಮೇಲೆ ಐದು ಚಿತ್ರಗಳು ಓಡಿಹೋಗಿರುತ್ತವೆ. ಚಿತ್ರ ಹಾಡನ್ನು ಕೇಳುತ್ತಿಲ್ಲವೆಂದು ಇದರಿಂದ ಗೊತ್ತಾಗುತ್ತದೆ.

ಮೂರನೆಯದು ನೆಲದ ವ್ಯಾಸಂಗ. ಇದಕ್ಕೆ ಪುಸ್ತಕದ ಜೊತೆಗೆ ಕಾಲೂ ಬೇಕು. ಮಂಡಕ್ಕಿ ಭಟ್ಟಿಯ ಮಾತನ್ನು ಆಡಿದೆ. ಅಲ್ಲಿಗೆ ಹೋಗುವ ವಿದ್ಯಾರ್ಥಿ ಮೊದಲ ದಿನ ಕ್ಯಾಮೆರಾವನ್ನು ಮನೆಯಲ್ಲಿ ಬಿಟ್ಟು ಹೋಗಬೇಕು. ಒಲೆ ಯಾವ ಹೊತ್ತಿಗೆ ಹೊತ್ತುತ್ತದೆ, ಕೆಲಸಕ್ಕೆ ಯಾರು ಬರುತ್ತಾರೆ, ಕೂಲಿ ಎಷ್ಟು, ಹೊಗೆಯಿಂದ ಅವರಿಗೆ ಏನಾಗುತ್ತದೆ, ತಮ್ಮ ಚಿತ್ರ ತೆಗೆಯುವುದಕ್ಕೆ ಅವರ ಒಪ್ಪಿಗೆಯಿದೆಯೆ ಎಂಬುದನ್ನು ಕೇಳಿ ತಿಳಿಯಬೇಕು. ಕಾಯಕವನ್ನು ಹೊಗಳುವ ಹಾಡಿಗೆ ದುಡಿಯುವವನ ಮುಖವನ್ನು ಅವನನ್ನು ಕೇಳದೆ ಬಳಸುವುದು ಆ ಹಾಡಿಗೇ ಮಾಡಿದ ಅವಮಾನ. ಹೀಗೆ ಕೇಳಿ ತಿಳಿದವನ ಚಿತ್ರದಲ್ಲಿ ಬೆಂಕಿಯ ಸೊಗಸಿನ ಜೊತೆಗೆ ಬೆವರಿನ ಬೆಲೆಯೂ ಕಾಣುತ್ತದೆ, ವಚನವೂ ಕೇವಲ ಸ್ತುತಿಯಾಗದೆ ಪ್ರಶ್ನೆಯಾಗುತ್ತದೆ.

ನೆರೆಯ ಹರಿಹರದ ವಿದ್ಯಾರ್ಥಿಗಳು ತುಂಗಭದ್ರೆಯ ಮೇಲಣ ಹಾಡುಗಳನ್ನು ಬಹುವಾಗಿ ಆರಿಸಿಕೊಳ್ಳುತ್ತಾರೆ. ನದಿಯ ನೋಟ, ಸೂರ್ಯಾಸ್ತ, ಹರಿಹರೇಶ್ವರ ದೇವಾಲಯದ ಕಂಬಗಳು, ಇಷ್ಟೇ ಪ್ರತಿ ವರ್ಷವೂ ಮರಳಿ ಬರುತ್ತವೆ. ಆ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, ಸುಮಾರು ೧೨೨೪ರಲ್ಲಿ, ಪೋಳಾಳ್ವ ದಂಡನಾಯಕನು ಕಟ್ಟಿಸಿದನು. ಅರ್ಧ ಹರಿ ಅರ್ಧ ಹರನಾದ ಆ ಮೂರ್ತಿ ಎರಡು ಪಂಥಗಳನ್ನು ಒಂದೇ ಶಿಲೆಯಲ್ಲಿ ಬೆಸೆದಿದೆ. ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಒಂದಾಗಿ ಹರಿದು ಬಂದ ನೀರಿನ ದಡದಲ್ಲಿ ಹರಿಹರರು ಒಂದಾದ ದೇವರ ಗುಡಿಯಿದೆ! ಎಪಿಗ್ರಾಫಿಯಾ ಕರ್ನಾಟಿಕದ ಚಿತ್ರದುರ್ಗ ಸಂಪುಟದಲ್ಲಿ ಅಲ್ಲಿಯ ಶಾಸನಗಳನ್ನು ಓದಿದ ವಿದ್ಯಾರ್ಥಿಗೆ ಈ ಎರಡು ಸಂಗಮಗಳೇ ದೃಶ್ಯಗೀತೆಯ ಹಂದರವಾಗಬಲ್ಲವು. ಅದೇ ನದಿಯ ಮಾಲಿನ್ಯದ ವಿರುದ್ಧ ದಡದ ಹಳ್ಳಿಗಳ ಜನರು ೧೯೮೦ರ ದಶಕದಲ್ಲಿ ದನಿಯೆತ್ತಿದ ಕಥೆಯನ್ನು ಹಿರಿಯ ಮೀನುಗಾರರಿಂದ ಕೇಳಿ ತಿಳಿದವನು ಸೂರ್ಯಾಸ್ತವೊಂದರಿಂದಲೇ ತೃಪ್ತನಾಗಲಾರ.

ನಾಲ್ಕನೆಯದು ಪರಂಪರೆಯ ವ್ಯಾಸಂಗ. ಹಾಡನ್ನು ಚಿತ್ರಿಸಿದವರಲ್ಲಿ ನಾವೇ ಮೊದಲಿಗರಲ್ಲ. ಅಮೆರಿಕದಲ್ಲಿ ದಿನವಿಡೀ ದೃಶ್ಯಗೀತೆಗಳನ್ನೇ ತೋರಿಸುವ ಎಂ.ಟಿ.ವಿ. ವಾಹಿನಿ ೧೯೮೧ರ ಆಗಸ್ಟಿನಲ್ಲಿ ಹುಟ್ಟಿತು. ಬೆಂಗಳೂರಿನ ದೂರದರ್ಶನ ಕೇಂದ್ರ ಆರಂಭವಾದುದೂ ಅದೇ ವರ್ಷದಲ್ಲಿ. ಪಠ್ಯಪುಸ್ತಕಗಳು ದೃಶ್ಯಗೀತೆಯ ಚರಿತ್ರೆಯನ್ನು ಎಂ.ಟಿ.ವಿ.ಯಿಂದ ಎಣಿಸುತ್ತವೆ. ಆದರೆ ೧೯೩೪ರ 'ಸತಿ ಸುಲೋಚನ'ದಿಂದ ಮೊದಲ್ಗೊಂಡು ಕನ್ನಡ ಚಲನಚಿತ್ರ ಹಾಡನ್ನು ಚಿತ್ರಿಸುತ್ತಲೇ ಬಂದಿದೆ. ಅದಕ್ಕೂ ಮೊದಲು ವೃತ್ತಿರಂಗಭೂಮಿಯ ಕಂಪನಿಗಳು ಬಣ್ಣದ ಪರದೆಗಳ ಮುಂದೆ ಅದೇ ಕೆಲಸವನ್ನು ಮಾಡಿದವು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ನಾಟಕ ಕಂಪನಿ ದಾವಣಗೆರೆಯ ಹೆಸರನ್ನು ನಾಡೆಲ್ಲ ಹೊತ್ತು ತಿರುಗಿತು. ಒಂದು ರಂಗಗೀತೆಗೆ ನಟಿ ಎಲ್ಲಿ ನಿಂತಳು, ಯಾವ ಸಾಲಿಗೆ ಮುಂದೆ ಬಂದಳು, ಜನ ಎಲ್ಲಿ 'ಒನ್ಸ್ ಮೋರ್' ಎಂದರು ಎಂಬುದನ್ನು ಬಲ್ಲ ವೃದ್ಧ ಕಲಾವಿದರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ. ಅವರ ಜ್ಞಾಪಕವೂ ಒಂದು ಗ್ರಂಥಾಲಯವೇ. ಅದು ಮುಚ್ಚುವ ಮುನ್ನ ನಮ್ಮ ವಿದ್ಯಾರ್ಥಿಗಳು ಹೋಗಿ ಓದಬೇಕು.

ಈ ಪರಂಪರೆಯಲ್ಲಿ ನಮಗೆ ಅತ್ಯಂತ ಸಮೀಪದ ಉದಾಹರಣೆ ಚಿತ್ರದುರ್ಗದ್ದು. ೧೯೯೭ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಗುವವರೆಗೆ ನಾವೂ ಅದೇ ಜಿಲ್ಲೆಯವರು. ೧೯೭೨ರಲ್ಲಿ ತೆರೆ ಕಂಡ ಪುಟ್ಟಣ್ಣ ಕಣಗಾಲರ 'ನಾಗರಹಾವು' ಚಿತ್ರದಲ್ಲಿ ಒನಕೆ ಓಬವ್ವನ ಕಥೆಯನ್ನು ಹೇಳುವ ಹಾಡು ಬರುತ್ತದೆ. ಪಿ. ಬಿ. ಶ್ರೀನಿವಾಸರು ಹಾಡಿದ, ಜಯಂತಿಯವರು ಓಬವ್ವನಾಗಿ ಅಭಿನಯಿಸಿದ ಆ ಹಾಡನ್ನು ಇಡೀ ಚಿತ್ರದಿಂದ ಬೇರ್ಪಡಿಸಿ ನೋಡಿದರೂ ಅದು ತಾನೇ ಒಂದು ಪೂರ್ಣಕೃತಿ. ಓಬವ್ವ ಯಾರೆಂದು ಅರಿಯದವನಿಗೂ ಅದೊಂದೇ ಹಾಡು ಅವಳನ್ನು ಕಣ್ಮುಂದೆ ನಿಲ್ಲಿಸುತ್ತದೆ. ಅದರ ಹಿಂದೆ ಎಷ್ಟು ಜನರ ಓದು ಇದೆಯೆಂಬುದನ್ನು ಗಮನಿಸಬೇಕು. ಆ ಚಿತ್ರಕ್ಕೆ ಆಧಾರವಾದುದು ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳು. ತ.ರಾ.ಸು. ಅವರಾದರೋ ದುರ್ಗದ ಇತಿಹಾಸವನ್ನೇ ಉಸಿರಾಡಿದವರು. ಅವರ 'ದುರ್ಗಾಸ್ತಮಾನ'ಕ್ಕೆ ೧೯೮೫ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಮರಣೋತ್ತರವಾಗಿ ಸಂದಿತು. ಅವರಿಗೂ ಮುಂಚೆ ಎಂ. ಎಸ್. ಪುಟ್ಟಣ್ಣನವರು 'ಚಿತ್ರದುರ್ಗದ ಪಾಳೆಯಗಾರರು' ಎಂಬ ಪುಸ್ತಕವನ್ನು ಬರೆದಿದ್ದರು, ಹುಲ್ಲೂರು ಶ್ರೀನಿವಾಸ ಜೋಯಿಸರು ದುರ್ಗದ ಇತಿಹಾಸವನ್ನು ಸಂಶೋಧಿಸಿದ್ದರು. ಓಬವ್ವನ ಕಥೆಯಂತೂ ಜನರ ಬಾಯಲ್ಲಿ, ಕೋಟೆಯ ಆ ಕಿಂಡಿಯ ಕಲ್ಲಿನಲ್ಲಿ ಉಳಿದು ಬಂದಿತ್ತು. ಪುಟ್ಟಣ್ಣನವರೂ ಓದಿನ ನಿರ್ದೇಶಕರು, 'ಗೆಜ್ಜೆಪೂಜೆ'ಗೆ ಎಂ. ಕೆ. ಇಂದಿರಾ, 'ಶರಪಂಜರ'ಕ್ಕೆ ತ್ರಿವೇಣಿ, 'ನಾಗರಹಾವು' ಚಿತ್ರಕ್ಕೆ ತ.ರಾ.ಸು. ಹೀಗೆ ಸಂಶೋಧಕನಿಂದ ಕಾದಂಬರಿಕಾರನಿಗೆ, ಕಾದಂಬರಿಕಾರನಿಂದ ನಿರ್ದೇಶಕನಿಗೆ ಕೈ ಬದಲಾಗುತ್ತ ಬಂದ ತಿಳಿವಳಿಕೆ ಕೊನೆಗೆ ಕೆಲವೇ ನಿಮಿಷಗಳ ಹಾಡಾಯಿತು. ಅರ್ಧ ಶತಮಾನ ಕಳೆದರೂ ಕನ್ನಡಿಗನು ಓಬವ್ವನೆಂದೊಡನೆ ಆ ಚಿತ್ರವನ್ನೇ ನೆನೆಯುತ್ತಾನೆ.

ಈ ಉದಾಹರಣೆಯಿಂದ ಇನ್ನೊಂದು ಎಚ್ಚರವನ್ನೂ ಕಲಿಯಬೇಕು. ಚಿತ್ರ ಒಮ್ಮೆ ನೆಲೆಗೊಂಡರೆ ಇತಿಹಾಸಕ್ಕಿಂತ ಬಲವಾಗುತ್ತದೆ. ಪುಸ್ತಕ ಹಿಡಿಯದ ಲಕ್ಷಾಂತರ ಜನರಿಗೆ ಚಿತ್ರವೇ ಪುಸ್ತಕ. ಆದುದರಿಂದಲೇ ತಪ್ಪು ಚಿತ್ರದ ಹೊಣೆ ತಪ್ಪು ಲೇಖನದ ಹೊಣೆಗಿಂತ ಹೆಚ್ಚಿನ ತೂಕದ್ದು. ಇಂದು ವಿದ್ಯಾರ್ಥಿಯ ದೃಶ್ಯಗೀತೆ ತರಗತಿಯ ಗೋಡೆಯೊಳಗೆ ಉಳಿಯುವುದಿಲ್ಲ, ಅದೇ ಸಂಜೆ ಊರೂರಿನ ಕೈಗಳಲ್ಲಿ ಬೆಳಗುತ್ತದೆ. ಮಾರಯ್ಯನ ವಚನ ಬಸವಣ್ಣನವರ ಹೆಸರಿನಲ್ಲಿ ಹರಿದಾಡಿದರೆ ನಷ್ಟ ಮಾರಯ್ಯನಿಗಲ್ಲ. ಅಕ್ಕಿ ಆಯುವ ಬಡವನೂ ವಚನಕಾರನಾಗಿದ್ದ, ಅವನನ್ನು ತಿದ್ದುವ ಹೆಂಡತಿಯೂ ವಚನಕಾರ್ತಿಯಾಗಿದ್ದಳು ಎಂಬ, ಆ ಕಾಲದ ಅತ್ಯಂತ ಅಮೂಲ್ಯವಾದ ಸಂಗತಿಯೇ ನಮ್ಮ ಮಕ್ಕಳಿಗೆ ನಷ್ಟವಾಗುತ್ತದೆ.

ಕಾಯಿದೆಯ ತಿಳಿವಳಿಕೆಯೂ ಈ ವ್ಯಾಸಂಗಕ್ಕೆ ಸೇರಿದ್ದು. ಹನ್ನೆರಡನೆಯ ಶತಮಾನದ ವಚನಕ್ಕೆ ಇಂದು ಯಾರ ಸ್ವಾಮ್ಯವೂ ಇಲ್ಲ. ಆದರೆ ಅದಕ್ಕೆ ಇತ್ತೀಚೆಗೆ ಕೂಡಿಸಿದ ರಾಗಸಂಯೋಜನೆಗೂ ಅದರ ಧ್ವನಿಮುದ್ರಣಕ್ಕೂ ಒಡೆಯರಿದ್ದಾರೆ. ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ನಂತರ ೬೦ ವರ್ಷಗಳವರೆಗೆ ಉಳಿಯುತ್ತದೆ. ತರಗತಿಯ ಅಭ್ಯಾಸಕ್ಕೆ ಕೆಲವು ವಿನಾಯಿತಿಗಳಿದ್ದರೂ ಲೋಕಕ್ಕೆಲ್ಲ ಹಂಚುವಾಗ ಅನುಮತಿ ಬೇಕು. ಇದನ್ನು ಅಡ್ಡಿಯೆಂದು ಭಾವಿಸಬೇಕಾಗಿಲ್ಲ. ಶಾಲೆಯಲ್ಲಿಯೇ ಚೆನ್ನಾಗಿ ಹಾಡುವ ಹುಡುಗಿಯೊಬ್ಬಳಿಂದ ಹೊಸದಾಗಿ ಹಾಡಿಸಿದರೆ ಹಕ್ಕಿನ ತೊಡಕೂ ಇಲ್ಲ, ಅವಳಿಗೆ ಪ್ರೋತ್ಸಾಹವೂ ದೊರೆಯುತ್ತದೆ.

ನನ್ನ ಈ ಅಭಿಪ್ರಾಯಕ್ಕೆ ಎರಡು ಆಕ್ಷೇಪಣೆಗಳನ್ನು ಕೇಳಿದ್ದೇನೆ. ಅತಿಯಾದ ಓದು ಸ್ಫೂರ್ತಿಯನ್ನು ಕೊಲ್ಲುತ್ತದೆಂಬುದು ಮೊದಲನೆಯದು. ಓದದೆ ಮಾಡಿದ ಚಿತ್ರಗಳು ಒಂದರಂತೆ ಇನ್ನೊಂದು ಇರುತ್ತವೆಯೆಂಬುದೇ ಇದಕ್ಕೆ ಉತ್ತರ. ಹಿಮ, ಜಲಪಾತ, ಸೂರ್ಯಾಸ್ತ, ಸಂದರ್ಭವಿದ್ದರೂ ಇಲ್ಲದಿದ್ದರೂ ಒಂದು ವೀರಗಾಸೆಯ ಕುಣಿತ. ಇದು ಸ್ಫೂರ್ತಿಯೂ ಅಲ್ಲ, ಸ್ವಂತಿಕೆಯೂ ಅಲ್ಲ. ಕಂಡುದನ್ನೇ ಮತ್ತೆ ತೋರಿಸುವ ಅಭ್ಯಾಸ. ಸಮಯವಿಲ್ಲವೆಂಬುದು ಎರಡನೆಯದು. ಇದರಲ್ಲಿ ಸತ್ಯಾಂಶವುಂಟು. ಪಠ್ಯಕ್ರಮದ ಹೊರೆ ಭಾರವಾಗಿದೆ, ದೂರದ ಹಳ್ಳಿಗಳಿಂದ ಬಸ್ಸಿನಲ್ಲಿ ಬಂದುಹೋಗುವ ಮಕ್ಕಳಿಗೆ ಗ್ರಂಥಾಲಯದಲ್ಲಿ ಕೂರುವ ವ್ಯವಧಾನ ದೊರೆಯುವುದು ಕಷ್ಟ. ಆದರೆ ಈ ದೋಷ ವಿದ್ಯಾರ್ಥಿಗಳದಲ್ಲ, ನಮ್ಮದು. ನಾವು ಚಿತ್ರಕ್ಕೆ ಅಂಕ ಕೊಡುತ್ತೇವೆ, ಸಂಕಲನಕ್ಕೆ ಅಂಕ ಕೊಡುತ್ತೇವೆ. ಓದಿಗೆ ಕೊಡುವುದು ಎಷ್ಟು? ನಾವು ಅಳೆಯದುದನ್ನು ಮಕ್ಕಳು ಬೆಳೆಯಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ.

ಆದಕಾರಣ ಅಧ್ಯಾಪಕ ಬಂಧುಗಳಲ್ಲಿ ಕೆಲವು ಸೂಚನೆಗಳನ್ನು ವಿನಯದಿಂದ ಇಡುತ್ತೇನೆ. ದೃಶ್ಯಗೀತೆಗೆ ಮೀಸಲಾದ ಅಂಕಗಳಲ್ಲಿ ಮೂರನೆಯ ಒಂದು ಭಾಗ ಪೂರ್ವಸಿದ್ಧತೆಗೆ ಸಲ್ಲಲಿ. ಪ್ರತಿಯೊಂದು ತಂಡವೂ ಒಂದು ಸಾಮಾನ್ಯ ನೋಟುಪುಸ್ತಕವನ್ನು ಇಡಲಿ. ಅದರಲ್ಲಿ ಹಾಡಿನ ಶುದ್ಧಪಾಠ, ಅದರ ಅರ್ಥ, ಕೇಳಿದ ಗಾಯನಗಳ ಟಿಪ್ಪಣಿ, ಕಂಡು ಮಾತನಾಡಿಸಿದವರ ಮಾತು, ನೋಡಿದ ಹಿಂದಿನ ಚಿತ್ರಗಳು, ಬೇಡವೆಂದು ಕೈಬಿಟ್ಟ ಕಲ್ಪನೆಗಳು, ಕೈಬಿಟ್ಟುದಕ್ಕೆ ಕಾರಣ, ಇವೆಲ್ಲ ಕೈಬರೆಹದಲ್ಲಿರಲಿ. ಆ ಪುಸ್ತಕಕ್ಕೆ ಅಧ್ಯಾಪಕರ ಸಹಿಯಾದ ಮೇಲೆಯೇ ಕ್ಯಾಮೆರಾ ಹೊರಬರಲಿ. ನಗರದ ದೃಶ್ಯಕಲಾ ಮಹಾವಿದ್ಯಾಲಯದ ವಿದ್ಯಾರ್ಥಿಗಳನ್ನೂ ಸಂಗೀತ ಬಲ್ಲವರನ್ನೂ ಕರೆದು ಮಾತನಾಡಿಸಲಿ. ಹಳ್ಳಿಯ ಮಕ್ಕಳಿಗೆ ಇದು ಎಟುಕದೆಂಬ ಶಂಕೆ ಬೇಡ. ಹೆಗ್ಗೋಡಿನಂಥ ಪುಟ್ಟ ಹಳ್ಳಿಯಲ್ಲಿ ಕೆ. ವಿ. ಸುಬ್ಬಣ್ಣನವರು ನೀನಾಸಮ್ ಸಂಸ್ಥೆಯ ಮೂಲಕ ೧೯೭೩ರಲ್ಲಿಯೇ ಚಿತ್ರಸಮಾಜವನ್ನು ಕಟ್ಟಿ, ಪುಣೆಯ ಸತೀಶ್ ಬಹಾದೂರರಂಥ ಪ್ರಾಧ್ಯಾಪಕರನ್ನು ಕರೆಸಿ, ಅಡಿಕೆ ತೋಟದ ಜನರ ಮುಂದೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಇಟ್ಟು ಚರ್ಚಿಸಿದರು. ಅಲ್ಲಿ ಸಾಧ್ಯವಾದುದು ದಾವಣಗೆರೆ ಹರಿಹರಗಳಲ್ಲಿ ಏಕೆ ಸಾಧ್ಯವಾಗದು?

ಕೊನೆಯದಾಗಿ ಇನ್ನೊಂದು ಸೂಚನೆ. ದೃಶ್ಯಗೀತೆ ಸಿದ್ಧವಾದಾಗ ತೀರ್ಪುಗಾರರಿಗೆ ತೋರಿಸುವ ಮೊದಲು, ಆ ಹಾಡು ಯಾರ ಬದುಕನ್ನು ಕುರಿತದ್ದೋ ಅಂಥವರೊಬ್ಬರಿಗೆ ತೋರಿಸಬೇಕು. ಕಾಯಕದ ಹಾಡಾದರೆ ಭಟ್ಟಿಯವರಿಗೆ, ನದಿಯ ಹಾಡಾದರೆ ಮೀನುಗಾರರಿಗೆ, ದಾಸೋಹದ ಹಾಡಾದರೆ ಅಡುಗೆಯವರಿಗೆ. ಅಂದು ನನ್ನ ಎಲೆಯ ಮುಂದೆ ಸೌಟು ಹಿಡಿದು ನಿಂತಿದ್ದ ಆ ಅಜ್ಜಿ ಯಾವ ಮಾಧ್ಯಮ ಶಾಸ್ತ್ರವನ್ನೂ ಓದಿದವರಲ್ಲ. ಆದರೆ ದಿನವೂ ಅಕ್ಕಿ ಆಯ್ದ ಕೈ ಅವರದು. ಆ ವಚನವನ್ನು ಅವರು ಕೈಯಿಂದಲೇ ಓದಿದ್ದರು. ಅವರ ಪ್ರಶ್ನೆಯನ್ನು ಮರುವಾರ ಆ ಹುಡುಗರಿಗೆ ಮುಟ್ಟಿಸಿದೆ, ಬಹುಮಾನ ಸೂಚಿಸಿದವನು ನಾನೇ ತಪ್ಪಿದೆನೆಂದೂ ಹೇಳಿದೆ. ಅವರಲ್ಲಿ ಒಬ್ಬನು ತಲೆ ತಗ್ಗಿಸಿ, "ಸರ್, ಭಟ್ಟಿ ನಮ್ಮ ಮನೆ ಹಿಂದೇನೇ ಐತ್ರೀ" ಎಂದನು. ಮನೆಯ ಹಿಂದಿರುವುದನ್ನು ಕಾಣುವ ಕಣ್ಣನ್ನು ನಮ್ಮ ವಿದ್ಯಾರ್ಥಿಗಳಿಗೆ ಓದು ಕೊಡಲಿ, ಆ ಓದಿಗೆ ಬೇಕಾದ ಸಮಯವನ್ನೂ ಅಂಕವನ್ನೂ ನಾವು ಕೊಡೋಣ.